ಅತ್ತಿಗೆ ಕೇಳಿಯೇಬಿಟ್ಟಳು

ಶಾಲೆಯ ಸಮವಸ್ತ್ರ ಹೊಲಿಯುವ ಆ ಹೆಂಗಸಿಗೆ ಬೀದಿಯವರು ಇಟ್ಟ ಹೆಸರು ‘ರೇಡಿಯೊ’. ಹೊಲಿಗೆ ಮಷೀನು ನಿಂತರೂ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಗಂಡನ ಜೊತೆ ಮೈದುನನೂ ಇದ್ದ, ಬಸ್ ಕಂಡಕ್ಟರ್. ಅವನ ಬಸ್ಸಿನ ಚಕ್ರಕ್ಕೆ ಸಿಕ್ಕಿ ಮುದುಕನೊಬ್ಬ ಸತ್ತ ಮೇಲೆ ಅವನು ಕೆಲಸಕ್ಕೆ ಹೋಗುವುದನ್ನೇ ಬಿಟ್ಟ. ಹೊರಡಲು ಸೀಟಿ ಊದಿದವನು ತಾನು ಎಂಬುದೊಂದೇ ತಲೆಯಲ್ಲಿ. ದಿನವಿಡೀ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ; ಹಗಲೂ ರಾತ್ರಿಯೂ ನಿದ್ದೆ ಮಾತ್ರ ಹತ್ತುತ್ತಿರಲಿಲ್ಲ.

“ಹೀಗೆ ಬಿದ್ಕೊಂಡ್ರೆ ಹೇಗೋ? ಎದ್ದು ನಾಲ್ಕು ಜನರ ಜೊತೆ ಬೆರಿ, ಎಲ್ಲಾ ಸರಿಹೋಗುತ್ತೆ” ಎಂದು ಅತ್ತಿಗೆ ಬುದ್ಧಿ ಹೇಳಿದಷ್ಟೂ ಅವನು ಮುದುಡಿಕೊಂಡ.

ಒಂದು ಮಧ್ಯಾಹ್ನ ಅವಳ ಹೊಲಿಗೆ ಅಂಗಡಿಗೆ ಬಂದವನೇ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟ. “ಅಣ್ಣನಿಗೆ ಕೊಡಿ ಅತ್ತಿಗೆ. ನನಗಿನ್ನು ಬೇಡ.”

ಅವಳು ಮಷೀನು ನಿಲ್ಲಿಸಿದಳು. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾದೀತೇ ಎಂಬ ಹೆದರಿಕೆ. ಆದರೂ ಕೇಳಿಯೇಬಿಟ್ಟಳು.

“ಸಾಯ್ಬೇಕು ಅನ್ಸುತ್ತಾ ನಿಂಗೆ?”

ಅವನು ತಲೆ ತಗ್ಗಿಸಿದ. “ಹೂಂ.”

ಬೈಯಬೇಕೆನಿಸಿತು, ಅಳಬೇಕೆನಿಸಿತು. ಎರಡನ್ನೂ ನುಂಗಿಕೊಂಡು, “ಹೇಳಿದ್ಯಲ್ಲ, ಒಳ್ಳೇದಾಯ್ತು. ನಡಿ, ಈಗ್ಲೇ ಡಾಕ್ಟರ ಹತ್ರ ಹೋಗೋಣ” ಎಂದು ಅಂಗಡಿಯ ಬಾಗಿಲೆಳೆದಳು.

ಡಾಕ್ಟರು ಅವನ ಜೊತೆ ಒಂದು ತಾಸು ಮಾತಾಡಿ, ಔಷಧಿ ಬರೆದುಕೊಟ್ಟು, ಅವಳನ್ನು ಬೇರೆಯಾಗಿ ಕರೆದರು. “ಕೇಳೋದ್ರಿಂದ ಯೋಚನೆ ಹುಟ್ಟಲ್ಲಮ್ಮ, ಸರಿಯಾಗೇ ಮಾಡಿದ್ರಿ. ಸದ್ಯಕ್ಕೆ ಒಬ್ಬನ್ನೇ ಬಿಡ್ಬೇಡಿ. ಬುದ್ಧಿ ಹೇಳ್ಬೇಡಿ, ಸುಮ್ನೆ ಕೇಳಿಸ್ಕೊಳ್ಳಿ.”

“ಸುಮ್ನಿರೋದೊಂದು ಬಿಟ್ಟು ಬೇರೇನಾದ್ರೂ ಹೇಳಿ ಡಾಕ್ಟ್ರೇ!”

ಡಾಕ್ಟರು ನಕ್ಕರು. ಬೇರೇನೂ ಹೇಳಲಿಲ್ಲ.

ಗಂಡ ಮನೆಯಲ್ಲಿದ್ದಾಗ ತಮ್ಮನ ಜೊತೆಗಿರುತ್ತಿದ್ದ, ಉಳಿದ ಹೊತ್ತು ಮೈದುನ ಅಂಗಡಿಯಲ್ಲಿ. ಮೊದಲ ವಾರ ಮಾತಿಲ್ಲ. ಆಮೇಲೆ ಗುಂಡಿ ಆರಿಸುತ್ತಾ ಆ ಮುದುಕನ ಚಪ್ಪಲಿ ರಸ್ತೆಯಲ್ಲಿ ಬಿದ್ದಿದ್ದನ್ನು ಹೇಳಿದ. ಮರುದಿನವೂ ಅದನ್ನೇ ಹೇಳಿದ. ‘ನಿನ್ನ ತಪ್ಪಲ್ಲ ಕಣೋ’ ಎಂಬ ಮಾತು ಅವಳ ನಾಲಗೆಯ ತುದಿಗೆ ಬರುತ್ತಿತ್ತು. ತಡೆಯಲು ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಕೂರುತ್ತಿದ್ದಳು.

ತಿಂಗಳಾದ ಮೇಲೆ ಅವನೇ, “ಆ ಸೂಜಿ ತೆಗೀರಿ ಅತ್ತಿಗೆ, ಏನಾದ್ರೂ ಮಾತಾಡಿ. ನಿಮ್ಮನ್ನ ನೋಡಿದ್ರೆ ನಂಗೇ ಹೆದ್ರಿಕೆ ಆಗುತ್ತೆ” ಎಂದ. ಅವಳಿಗೆ ನಗು ಬಂತು, ಜೊತೆಗೆ ಕಣ್ಣೀರೂ.

ಡಿಪೋದವರು ಅವನಿಗೆ ಪಾಸ್ ಕೊಡುವ ಕೌಂಟರಿನಲ್ಲಿ ಕೆಲಸ ಕೊಟ್ಟರು. ಬಸ್ ಹತ್ತಲು ಇನ್ನೂ ಆಗುವುದಿಲ್ಲ, ನಡೆದೇ ಹೋಗಿ ಬರುತ್ತಾನೆ. ಮೊನ್ನೆ ಕೆಲಸ ಮುಗಿಸಿ ಅಂಗಡಿಗೆ ಬಂದವನು ಬಟ್ಟೆಯ ಗಂಟಿಗೆ ಒರಗಿ ಗೊರಕೆ ಹೊಡೆಯತೊಡಗಿದ. ಮಗನ ಅಂಗಿಯ ಅಳತೆ ತಂದಿದ್ದ ಹೆಂಗಸು, “ಯಾರ್ರೀ ಅದು?” ಎಂದಳು.

“ನಮ್ಮ ಮೈದುನ” ಎಂದಳು ಅತ್ತಿಗೆ, ಶುಭ ಸುದ್ದಿ ಹೇಳುವ ದನಿಯಲ್ಲಿ. “ನಿದ್ದೆ ಮಾಡ್ತಿದ್ದಾನೆ.”