ಡಿಸೆಕ್ಷನ್ ಬಾಕ್ಸಿನ ಕತ್ತರಿ

ಸಿದ್ದಾಪುರ ಪೇಟೆಯಲ್ಲಿರುವ ನನ್ನ ಹೊಲಿಗೆ ಅಂಗಡಿಗೆ ಮೊದಲ ಸಲ ಬಂದವರು ಆ ಪುಟ್ಟ ಕತ್ತರಿಯ ಬಗ್ಗೆ ಕೇಳಿಯೇ ಕೇಳುತ್ತಾರೆ. ಅದು ಹೊಲಿಗೆಯವರ ಕತ್ತರಿಯಲ್ಲ. ನಾನು ಪಿಯುಸಿಗೆ ಸೇರಿದಾಗ ಅಪ್ಪಯ್ಯ ಶಿರಸಿಯಲ್ಲಿ ಕೊಡಿಸಿದ ಡಿಸೆಕ್ಷನ್ ಬಾಕ್ಸಿನದು, ಕಪ್ಪೆ ಕೊಯ್ಯುವುದಕ್ಕೆ. ನೂಲಿನ ತುದಿ ಕತ್ತರಿಸಲು ಅದರಷ್ಟು ಚುರುಕಾದದ್ದು ಬೇರೆ ಇಲ್ಲ. ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರವಾಗಿತ್ತು: "ಸಾಯನ್ಸ್ ಓದ್ತಾ ಇದ್ದಿದ್ದಿ. ಮದ್ವೆ ಆತು, ಅರ್ಧಕ್ಕೇ ನಿಂತು ಹೋತು." ಅವರು "ಛೇ, ಪಾಪ" ಅನ್ನುತ್ತಿದ್ದರು. ಆ "ಪಾಪ" ಕೇಳಲು ನನಗೆ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಹೇಳಿದ್ದೇ ಸುಳ್ಳು. ಸೆಕೆಂಡ್ ಪಿಯುಸಿ ಫಿಸಿಕ್ಸಿನಲ್ಲಿ ಎರಡು ಸಲ ಫೇಲಾದವಳು ನಾನು. ಮದುವೆಯಾದದ್ದು ಆಮೇಲೆ. ಆಗ ನನ್ನ ತವರು ವಾನಳ್ಳಿ ಕಡೆ ಪದ್ಧತಿ ಸರಳವಾಗಿತ್ತು: ಹತ್ತನೆಯಲ್ಲಿ ಜಾಸ್ತಿ ಮಾರ್ಕ್ಸ್ ಬಂದರೆ ಸಾಯನ್ಸ್, ನಡುವಿನವರಿಗೆ ಕಾಮರ್ಸ್, ಹೇಗೋ ದಡ ಮುಟ್ಟಿದವರಿಗೆ ಆರ್ಟ್ಸ್. ನನಗೆ ಜಾಸ್ತಿ ಬಂತು. ನಿನಗೇನು ಇಷ್ಟ ಎಂದು ಯಾರೂ ಕೇಳಲಿಲ್ಲ, ಬಾಕ್ಸ್ ಮನೆಗೆ ಬಂತು. ಫೇಲಾದ ಮೇಲೆ ಮನೆಯ ಮರ್ಯಾದೆ ಉಳಿಸಲು ಅಪ್ಪಯ್ಯನೇ "ಒಳ್ಳೆ ಸಂಬಂಧ ಬಂತು, ಓದು ಬಿಡ್ಸಿದ್ದು" ಎಂದು ಊರಿಗೆಲ್ಲ ಹೇಳಿದರು. ನನ್ನ ಗಂಡನಿಗೆ ನಿಜ ಗೊತ್ತಿತ್ತು. ಪುಣ್ಯಾತ್ಮರು ಒಂದು ದಿನವೂ ತುಟಿ ಬಿಚ್ಚಲಿಲ್ಲ.

ಮಗಳ ವಿಷಯದಲ್ಲಿ ಮಾತ್ರ ನಾನು ಬಾಯಿ ಹಾಕಬಾರದು ಎಂದುಕೊಂಡಿದ್ದೆ. ಅವಳ ಹತ್ತನೆಯ ರಿಸಲ್ಟ್ ಬಂದ ದಿನ ನೆಂಟರೆಲ್ಲ ಫೋನು ಮಾಡಿ "ಸಾಯನ್ಸೇ ಅಲ್ದ?" ಎಂದರು. "ಕೂಸಿನ ಇಷ್ಟ" ಎಂದು ದೊಡ್ಡಸ್ತಿಕೆಯಿಂದ ಹೇಳಿದೆ. ಅವಳು "ಸಾಯನ್ಸೇ" ಅಂದಳು. ಅವತ್ತಿನಿಂದ ನನಗೆ ಊಟ ಸೇರಲಿಲ್ಲ. ಈ ಹುಡುಗಿಗೆ ಇದು ಎಲ್ಲಿಂದ ಹತ್ತಿತು? ಗೆಳತಿಯರಿಂದಲೋ, ಮಾಸ್ತರರಿಂದಲೋ, ಮೊಬೈಲಿನಿಂದಲೋ? ಅವಳೂ ನನ್ನ ಹಾಗೆಯೇ ಕನ್ನಡ ಮೀಡಿಯಮ್ಮಿನಲ್ಲಿ ಓದಿದವಳು. ನನಗಾದದ್ದೇ ಅವಳಿಗೂ ಆದರೆ? ಕೇಳೋಣವೆಂದರೆ ಧೈರ್ಯವಿಲ್ಲ, ಬಿಡೋಣವೆಂದರೆ ಮನಸ್ಸು ಕೇಳುವುದಿಲ್ಲ.

ಉತ್ತರ ಸಿಕ್ಕಿದ್ದು ಅಡ್ಮಿಶನ್ನಿನ ಕಡೆಯ ದಿನ, ಶಿರಸಿಯ ಕಾಲೇಜಿನಲ್ಲಿ. ಫಾರಂ ನೋಡುತ್ತಿದ್ದ ಮೇಡಂ ತಲೆಯೆತ್ತಿ, "ಯಾಕಮ್ಮ, ಸೈನ್ಸೇ ಯಾಕೆ?" ಎಂದು ಕೇಳಿದರು.

ಮಗಳು ಬೆನ್ನು ನೆಟ್ಟಗೆ ಮಾಡಿ ನಿಂತಳು. "ನಮ್ಮ ಅಮ್ಮ ಸೈನ್ಸ್ ಓದ್ತಿದ್ರು ಮೇಡಂ. ಮದುವೆಯಾಗಿ ಅರ್ಧಕ್ಕೇ ನಿಂತ್ಹೋಯ್ತು. ಅದನ್ನ ನಾನು ಪೂರ್ತಿ ಮಾಡ್ಬೇಕು."

ಮೇಡಂ ನನ್ನತ್ತ ಮೆಚ್ಚುಗೆಯಿಂದ ನೋಡಿ, ಪಾಲಕರ ಸಹಿ ಬಾಕಿಯಿದೆ ಎಂದು ಫಾರಂ ಮುಂದೆ ಸರಿಸಿದರು. ಸಹಿ ಹಾಕಿದರೆ ನನ್ನ ಸುಳ್ಳಿನ ಮೇಲೆ ಮಗಳ ಎರಡು ವರ್ಷ. "ಒಂದು ಝೆರಾಕ್ಸ್ ಬಿಟ್ಟೋಗಿದೆ, ಈಗ ಬಂದ್ವಿ" ಎಂದು ಫಾರಂ ಸಮೇತ ಅವಳ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದೆ.

"ಎಂತ ಆಯಿ, ಎಲ್ಲಾ ಝೆರಾಕ್ಸ್ ಇದ್ದಲೇ?" ಎಂದಳು ಮಗಳು.

ಬೈಕು ನಿಲ್ಲಿಸುವ ಜಾಗದಲ್ಲಿ ನಿಂತು ಒಂದೇ ಉಸಿರಿನಲ್ಲಿ ಹೇಳಿದೆ. "ಕೂಸೇ, ಮದ್ವೆ ಸಲುವಾಗಿ ಬಿಟ್ಟಿದ್ದಲ್ಲ. ಆನು ಫೇಲು. ಫಿಸಿಕ್ಸಲ್ಲಿ. ಎರಡು ಸಲ."

ಅವಳು ನನ್ನನ್ನು ಗುರುತಿಲ್ಲದವರನ್ನು ನೋಡುವ ಹಾಗೆ ನೋಡಿದಳು. "ಎಷ್ಟು ಬಂದಿತ್ತು?"

"ಹದಿನೆಂಟು. ಎರಡನೇ ಸಲ ಹದಿನಾರು."

ನಗುತ್ತಾಳೇನೋ ಎಂದುಕೊಂಡೆ. ನಗಲಿಲ್ಲ. "ಅಂಗಡಿಗೆ ಬಂದವ್ಕೆ ಸುಳ್ಳು ಹೇಳಿದ್ದು ಇರ್ಲಿ. ನನ್ನ ಹತ್ರನೂ?" ಎಂದಾಗ ಅವಳ ದನಿ ಒಡೆಯಿತು. ಫಾರಮ್ಮನ್ನು ನನ್ನ ಕೈಯಿಂದ ತೆಗೆದುಕೊಂಡು ಕೇಳಿದಳು. "ಎಂತ ತಿಳಿದಿದ್ದಿಲ್ಲೆ ನಿಂಗೆ?"

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಅಪ್ಪಯ್ಯ ಕೇಳಿರಲಿಲ್ಲ, ಲೆಕ್ಚರರು ಕೇಳಿರಲಿಲ್ಲ. "ಇಂಗ್ಲಿಷು" ಎಂದೆ. ಹತ್ತನೆಯವರೆಗೆ ವೇಗೋತ್ಕರ್ಷ ಎಂದು ಕಲಿತವಳಿಗೆ ಅಲ್ಲಿ ಆಕ್ಸಲರೇಶನ್ ಅಂದರು. ಎರಡೂ ಒಂದೇ ಎಂದು ಗೊತ್ತಾಗುವಷ್ಟರಲ್ಲಿ ಅರ್ಧ ವರ್ಷ ಕಳೆದಿತ್ತು. ಮನೆಯವರು ಕಾಲೇಜು ಹೇಗಿದೆ ಎಂದರೆ ಎಲ್ಲ ತಿಳಿಯುತ್ತದೆ ಎನ್ನುತ್ತಿದ್ದೆ.

"ನಂಗೂ ಹಾಂಗೇ ಆದ್ರೆ?"

"ಮನೆಗೆ ಬಂದು ಹೇಳು. ಆನು ಹೇಳಿದ್ದಿಲ್ಲೆ, ಅದೇ ತಪ್ಪಾಗಿದ್ದು. ಈಗ್ಲೂ ಬೇರೆ ಎಂತಾರೂ ತಗಳದಾದ್ರೆ ತಗ. ನನ್ನ ಸಲುವಾಗಿ ಮಾತ್ರ ಬೇಡ."

ಅವಳು ಫಾರಮ್ಮನ್ನು ಯಾರದೋ ಬೈಕಿನ ಸೀಟಿನ ಮೇಲಿಟ್ಟು ಆರ್ಟ್ಸ್, ಕಾಮರ್ಸ್, ಸಾಯನ್ಸ್ ಮೂರರ ವಿಷಯಗಳನ್ನೂ ಬೆರಳಿಟ್ಟು ಓದಿದಳು. ಆಮೇಲೆ "ಬಯಾಲಜಿ ನಂಗೇ ಬೇಕು. ಫಿಸಿಕ್ಸ್ ಎಂತ ಆಗ್ತು ನೋಡನ" ಎಂದು ಪೆನ್ನು ನನ್ನ ಕೈಗೆ ಕೊಟ್ಟಳು. ಸಹಿ ಹಾಕಿ, ಫಾರಂ ಒಳಗೆ ಕೊಟ್ಟು ಬಂದೆವು. ಸಿದ್ದಾಪುರದ ಬಸ್ಸಿನಲ್ಲಿ ಅವಳು ನನ್ನ ಪಕ್ಕ ಬಿಟ್ಟು ಮುಂದಿನ ಸೀಟಿನಲ್ಲಿ ಕೂತಳು.

ಕಾಲೇಜು ಶುರುವಾದ ಮೇಲೆ ಶಿರಸಿ ಬಸ್ಸು ಬರುವ ಹೊತ್ತಿಗೆ ನನ್ನ ಮಷಿನ್ನು ತಾನಾಗಿ ನಿಲ್ಲುತ್ತಿತ್ತು. ಇಳಿದು ಬರುವವಳ ಮುಖ ನೋಡುತ್ತಿದ್ದೆ. ಚೆನ್ನಾಗಿಯೇ ಇರುತ್ತಿತ್ತು. ನನ್ನ ಮುಖವೂ ಆಗ ಹಾಗೆಯೇ ಇತ್ತಲ್ಲ ಎಂದು ಹೆದರಿಕೆಯಾಗುತ್ತಿತ್ತು.

ಮೊದಲ ಟೆಸ್ಟಿನ ಮಾರ್ಕ್ಸ್ ಕೊಟ್ಟ ದಿನ ಅವಳು ರಸ್ತೆಯ ಆಚೆಯಿಂದಲೇ ಕೂಗಿದಳು. "ಆಯೀ, ಫಿಸಿಕ್ಸ್ ಹೋತು! ಒಂಬತ್ತೇ ಬಂತು!"

ಅಂಗಡಿಯಲ್ಲಿ ರವಿಕೆಯ ಅಳತೆ ಕೊಡಲು ಬಂದ ಇಬ್ಬರು ಹೆಂಗಸರಿದ್ದರು. ಅವರಲ್ಲೊಬ್ಬರು, ನನ್ನ ಹಳೆಯ ಗಿರಾಕಿ, ಮೇಜಿನ ಮೇಲಿದ್ದ ಪುಟ್ಟ ಕತ್ತರಿಯನ್ನೊಮ್ಮೆ ನೋಡಿ, "ಅಯ್ಯೋ, ಆಯಿ ಅಷ್ಟು ಸಾಯನ್ಸ್ ಓದಿದ್ದು, ಮಗಳಿಗೆ ಬಂದಿದ್ದಿಲ್ಯ?" ಎಂದರು.

ಮಗಳು ಮೆಟ್ಟಿಲ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದಳು.

"ಆಯಿಗೂ ಬಂದಿದ್ದಿಲ್ಲೆ" ಎಂದೆ. "ಆನು ಅದರಲ್ಲೇ ಎರಡು ಸಲ ಫೇಲು. ಬಾ ಒಳಗೆ, ಯಾವ ಪಾಠ ಹೇಳು."