ರೇಷ್ಮೆಯ ಮೇಲೆ ನಿಲ್ಲದ ಆನೆ

ವಿಜಯಮ್ಮನವರು ನೇಯ್ದ ಸೀರೆಯಲ್ಲಿ ತಪ್ಪು ಹುಡುಕಬಹುದು, ಆದರೆ ಆ ತಪ್ಪು ತಮ್ಮದೆಂದು ಅವರ ಬಾಯಲ್ಲಿ ಹೇಳಿಸುವುದು ಆಗದ ಮಾತು ಅಂತ ಕೊಳ್ಳೇಗಾಲದ ಆ ನೇಕಾರರ ಬೀದಿಗೆಲ್ಲ ಗೊತ್ತು. ಎಳೆ ಕಡಿದರೆ ನೂಲು ಸರಿಯಿಲ್ಲ, ಅಂಚು ಸೊಟ್ಟಗಾದರೆ ಮಗ್ಗ ಹಳೆಯದು, ಸಾರಿಗೆ ಉಪ್ಪು ಹೆಚ್ಚಾದರೆ ಈಚೆಗೆ ಬರುತ್ತಿರುವ ಉಪ್ಪೇ ಕೆಟ್ಟದ್ದು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಗಂಡ ಸಿದ್ದಯ್ಯನವರು ಆ ಮೂರು ಕಾಲಿನ ಮೊಲವನ್ನು ಒಪ್ಪಿಕೊಂಡೇ ಸುಖವಾಗಿ ಸಂಸಾರ ಮಾಡಿಕೊಂಡು ಬಂದಿದ್ದಾರೆ.

ಅದೊಂದು ಬಿಟ್ಟರೆ ಹೆಂಗಸು ಅಪ್ಪಟ ಚಿನ್ನ. ಮಗ ತೇಜಸ್‌ನ ಹೆಂಡತಿ ಅಂಜನಾ, ಬೀದಿಯ ಪುಟ್ಟ ಮಕ್ಕಳಿಗಾಗಿ ಮನೆಯಲ್ಲೇ ಒಂದು ಶಿಶುವಿಹಾರ ತೆರೆಯುತ್ತೇನೆ ಎಂದಾಗ, ಮುಂದಿನ ಹಜಾರದಲ್ಲಿದ್ದ ಮಗ್ಗವನ್ನು ಹಿಂದಿನ ಕೋಣೆಗೆ ಸಾಗಿಸಿ ಜಾಗ ಮಾಡಿಕೊಟ್ಟವರು ಅವರೇ. ಆದರೆ ಸೊಸೆಯದು ಮೆಲುದನಿ. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಈ ಹುಡುಗಿ ಗಲಾಟೆ ಮಕ್ಕಳನ್ನು ಹೇಗೆ ಸಂಭಾಳಿಸುತ್ತಾಳೋ ಎಂದು ವಿಜಯಮ್ಮನವರಿಗೆ ಒಳಗೊಳಗೇ ದಿಗಿಲು. ಭಾನುವಾರ ತಾಯಂದಿರನ್ನೂ ಮಕ್ಕಳನ್ನೂ ಕರೆದು ಒಂದು ಕತೆ ಹೇಳಿ ತೋರಿಸುವುದು, ಮನಸ್ಸಿಗೆ ಬಂದವರು ಸೋಮವಾರದಿಂದ ಮಕ್ಕಳನ್ನು ಬಿಡುವುದು ಎಂದು ಮಾತಾಗಿತ್ತು. ಯಾರಿಗೂ ಮನಸ್ಸಿಗೆ ಬರದಿದ್ದರೆ ಶಿಶುವಿಹಾರ ಶುರುವಾಗುವ ಮೊದಲೇ ಮುಚ್ಚಿದಂತೆ.

ಕತೆಗೆಂದು ಅಂಜನಾ ಒಂದು ಫೆಲ್ಟ್ ಬೋರ್ಡು ಮಾಡಿದಳು. ಬಡಗಿ ಪುಟ್ಟಮಾದಪ್ಪ ಕೊಟ್ಟ ಪ್ಲೈವುಡ್ ಹಲಗೆಯ ಮೇಲೆ, ಒಡೆಯರಪಾಳ್ಯದ ಟಿಬೆಟಿನವರ ಹತ್ತಿರ ಕೊಂಡಿದ್ದ ಬೂದು ಬಣ್ಣದ ಉಣ್ಣೆ ರಗ್ಗಿನ ತುಂಡನ್ನು ಬಿಗಿಯಾಗಿ ಎಳೆದು, ಹಿಂದೆ ಸಣ್ಣ ಮೊಳೆ ಹೊಡೆದಳು. ಉಣ್ಣೆ ಒತ್ತಿ ಮಾಡಿದ ಬಣ್ಣದ ಫೆಲ್ಟ್ ಹಾಳೆ ಕತ್ತರಿಸಿ ಒಂದು ಆನೆ, ನಾಲ್ಕು ಕಬ್ಬಿನ ಜಲ್ಲೆ, ಚಂದ್ರ, ತಮಟೆ ಹಿಡಿದ ರೈತ ಎಲ್ಲ ಮಾಡಿದಳು. ಅಂಟು ಬೇಡ, ಪಿನ್ನು ಬೇಡ. ರಗ್ಗಿನ ಮೇಲೆ ಇಟ್ಟು ಒತ್ತಿದರೆ ಸಾಕು, ಉಣ್ಣೆಯ ಜುಂಗಿಗೆ ಆನೆ ಕಚ್ಚಿಕೊಂಡು ನಿಲ್ಲುತ್ತದೆ. ಮಕ್ಕಳು ಕಿತ್ತು ತಮಗೆ ಬೇಕಾದ ಕಡೆ ಇಟ್ಟು ತಾವೇ ಕತೆ ಕಟ್ಟಬಹುದು.

ಈ ಗುಟ್ಟು ವಿಜಯಮ್ಮನವರಿಗೆ ಗೊತ್ತಿರಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ರಗ್ಗು ಮಾತ್ರ. ರೇಷ್ಮೆ ನೇಯುವವರ ಮನೆ ಹಜಾರದಲ್ಲಿ ರಗ್ಗು! ನಾಲ್ಕು ಜನ ಬಂದರೆ ಏನಂದುಕೊಂಡಾರು? ಶನಿವಾರ ಮಧ್ಯಾಹ್ನ ಅಂಜನಾ ತಾಯಂದಿರನ್ನು ಕರೆಯಲು ಹೋದದ್ದೇ ತಡ, ಮೊಳೆ ಕಿತ್ತು ರಗ್ಗು ಬಿಚ್ಚಿದರು. ರವಿಕೆಗೆಂದು ಎತ್ತಿಟ್ಟಿದ್ದ, ತಾವೇ ನೇಯ್ದ ನವಿಲು ಬಣ್ಣದ ರೇಷ್ಮೆಯನ್ನು ಹಲಗೆಗೆ ದಿಂಬಿನ ಚೀಲದಂತೆ ಹೊದಿಸಿ ಅಂಚನ್ನು ಒತ್ತೊತ್ತಾಗಿ ಹೊಲಿದರು.

“ಕೇಳ್ದೆ ಮಾಡ್ತಿದ್ದೀಯ ಕಣೆ,” ಎಂದರು ಸಿದ್ದಯ್ಯ.

“ಕೇಳುದ್ರೆ ಬ್ಯಾಡ ಅಂತಾಳೆ. ಅದುಕ್ಕೇ ಕೇಳ್ನಿಲ್ಲ,” ಎಂದು ವಿಜಯಮ್ಮ, ಅಂಜನಾ ಮುಚ್ಚಿಟ್ಟು ಹೋಗಿದ್ದ ಪಂಚೆಯನ್ನೇ ಹಲಗೆಯ ಮೇಲೆ ಮೊದಲಿನಂತೆ ಮುಚ್ಚಿದರು.

ಭಾನುವಾರ ಹಜಾರ ತುಂಬಿತು. ಮುಂದಿನ ಸಾಲಿನಲ್ಲಿ ಎದುರುಮನೆಯ ದೀಪ, ಮಡಿಲಲ್ಲಿ ಮೂರು ವರ್ಷದ ಮಗಳು ಇಂಚರ. ದೀಪ ಹೂಂ ಅಂದರೆ ಬೀದಿಯ ಹೆಂಗಸರೂ ಹೂಂ, ಅವಳು ಊಹೂಂ ಅಂದರೆ ಅವರೂ ಊಹೂಂ. ಅಂಜನಾ ಪಂಚೆ ಸರಿಸಿದಳು. “ಅಬ್ಬಬ್ಬ, ಏನ್ ಬಣ್ಣ!” ಎಂದರು ಹೆಂಗಸರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ವಿಜಯಮ್ಮ ಹಿಗ್ಗಿ ಸೆರಗು ಸರಿಮಾಡಿಕೊಂಡರು.

ಅಂಜನಾ ರೇಷ್ಮೆಯ ಮೇಲೊಮ್ಮೆ ಕೈಯಾಡಿಸಿದಳು. ಆಮೇಲೆ, “ಒಂದೂರಲ್ಲಿ ಒಂದು ಆನೆ ಇತ್ತು,” ಎಂದು ಆನೆಯನ್ನು ಇಟ್ಟು ಒತ್ತಿದಳು. ಕೈ ತೆಗೆದಳು. ಆನೆ ಸೊಯ್ಯನೆ ಜಾರಿ ನೆಲಕ್ಕೆ ಬಿತ್ತು. ಮಕ್ಕಳು ಕಿಸಕ್ಕೆಂದವು. ಎತ್ತಿ ಮತ್ತೆ ಇಟ್ಟಳು, ಮತ್ತೆ ಬಿತ್ತು. ಚಂದ್ರನೂ ಬಿದ್ದ, ರೈತ ತಮಟೆ ಸಮೇತ ಬಿದ್ದ.

“ಆನೇನೇ ನಿಂತ್ಕಳಾಕಿಲ್ಲ, ಇನ್ನು ನಮ್ ಮಕ್ಳು ನಿಂತ್ಕತ್ತವಾ?” ಎಂದಳು ದೀಪ. ಹೆಂಗಸರು ನಕ್ಕರು.

ವಿಜಯಮ್ಮನವರಿಗೆ ಆಗ ಹೊಳೆಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದರು. ಅಂಜನಾಳ ಬೆರಳು ಹಲಗೆಯ ಅಂಚಿನ ಹೊಲಿಗೆಯನ್ನು ಸವರಿತು. ಬೀದಿಯಲ್ಲಿ ಅಷ್ಟು ಒತ್ತಾಗಿ ಹೊಲಿಯುವ ಕೈ ಒಂದೇ. ಅವಳು ಅಡುಗೆಮನೆ ಬಾಗಿಲ ಕಡೆ ಒಮ್ಮೆ ನೋಡಿದಳು. ಈಗ ಹೇಳಿಬಿಡುತ್ತಾಳೆ ಎಂದುಕೊಂಡರು ವಿಜಯಮ್ಮ. ‘ಈ ರೇಷ್ಮೇನೇ ಸರಿಯಿಲ್ಲ’ ಎಂಬ ಮಾತು ಅವರ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು.

“ನಂದೇ ತಪ್ಪು,” ಎಂದಳು ಅಂಜನಾ, ಕೇಳಿಯೂ ಕೇಳದಂಥ ದನಿಯಲ್ಲಿ. “ಚೆನ್ನಾಗ್ ಕಾಣ್ಲಿ ಅಂತ ರೇಷ್ಮೆ ಹಾಕ್ದೆ.”

ವಿಜಯಮ್ಮ ಇದನ್ನು ಎಣಿಸಿರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇದಕ್ಕೆ ಏನು ಮಾಡುವುದು? ನಾಚಿಕೆಯಾಯಿತು, ಆದರೂ ಕಾಲು ತಾನಾಗಿ ಹಜಾರಕ್ಕೆ ನಡೆಯಿತು.

“ಅವ್ಳಲ್ಲ ಕಣ್ರವ್ವ, ನಾನು. ಅವ್ಳು ಸರ್ಯಾಗೇ ಮಾಡಿದ್ಲು. ನಾನು ಕಿತ್ತಾಕಿ ಇದುನ್ನ ಒದ್ಸುದೆ. ತಪ್ಪು ನಂದು.”

ಹಿಂದುಗಡೆ ಸಿದ್ದಯ್ಯನವರ ಕೈಯಿಂದ ಚೊಂಬು ಬಿದ್ದ ಸದ್ದಾಯಿತು. ವಿಜಯಮ್ಮ ಅತ್ತಲೇ ಓಡಿದರು, ಯಾಕೆಂದರೆ ರಗ್ಗು ಇದ್ದದ್ದೂ ಅಲ್ಲೇ. ಬಚ್ಚಲ ಬಾಗಿಲಲ್ಲಿ ಅದನ್ನು ತಾವೇ ಕಾಲೊರಸು ಮಾಡಿದ್ದರು.

“ಎತ್ತಿ ಕಾಲ!” ಎಂದರು, ಅದರ ಮೇಲೆ ನಿಂತಿದ್ದ ಗಂಡನಿಗೆ.

ರಗ್ಗನ್ನು ಕೊಡವಿ ತಂದು ರೇಷ್ಮೆಯ ಮೇಲೆಯೇ ಹೊದಿಸಿ, ಅತ್ತೆ ಒಂದು ಮೂಲೆ ಸೊಸೆ ಒಂದು ಮೂಲೆ ಎಳೆದು ಹಿಡಿದರು. ಆನೆ ನಿಂತಿತು. ರಗ್ಗಿನ ಒಂದು ಕಡೆ ಒದ್ದೆಯಾಗಿ ಕಪ್ಪಗಿತ್ತು. ಅಂಜನಾ ಅದನ್ನೇ ಹೊಳೆ ಮಾಡಿ, ಆನೆಯನ್ನು ಹೊಳೆ ದಾಟಿಸಿ, ಕಬ್ಬಿನ ಗದ್ದೆಗೆ ನುಗ್ಗಿಸಿ ಘೀಳಿಟ್ಟಳು. ಈ ಹುಡುಗಿಯ ಗಂಟಲಲ್ಲಿ ಇಷ್ಟು ದೊಡ್ಡ ದನಿ ಇದೆಯೆಂದು ಆ ಮನೆಯವರಿಗೇ ಅಂದು ಗೊತ್ತಾದದ್ದು. ಮಕ್ಕಳು ಮಡಿಲು ಬಿಟ್ಟು ಹಲಗೆಗೆ ಮುತ್ತಿಕೊಂಡವು.

ಹೊರಡುವಾಗ ದೀಪ ಬಾಗಿಲಲ್ಲಿ ನಿಂತಳು. “ಆನೆ ನೋಡಿ ಯೋಳ್ತಿಲ್ಲ ಕಣತ್ತೆ. ನಮ್ ಇಂಚರ ಲೋಟ ಒಡುದ್ರೆ ಬೆಕ್ಕು ಒಡೀತು ಅಂತಾಳೆ. ದೊಡ್ಡೋರು ‘ನಾನ್ ಮಾಡ್ದೆ’ ಅನ್ನದ್ನ ಅವ್ಳು ಇವತ್ತೇ ನೋಡಿದ್ದು. ಇಲ್ಲೇ ಬುಡ್ತೀನಿ. ಎಷ್ಟೊತ್ಗೆ ಬರ್ಬೇಕು?”

ವಿಜಯಮ್ಮನವರ ಕಣ್ಣು ತುಂಬಿತು. ಅದನ್ನು ಮರೆಮಾಚಲು ಅವಸರವಾಗಿ, “ಒಂಬತ್ತಕ್ಕೆ,” ಎಂದರು.

“ಒಂಬತ್ತೂವರೆಗೆ ಅತ್ತೆ,” ಎಂದಳು ಅಂಜನಾ ಪಕ್ಕದಲ್ಲಿ.

“ಊಂ, ಒಂಬತ್ತೂವರೆ. ನಂದೇ ತಪ್ಪು,” ಎಂದರು ವಿಜಯಮ್ಮ. ಎರಡನೇ ಸಲಕ್ಕೆ ಅಷ್ಟೇನೂ ಕಷ್ಟವಾಗಲಿಲ್ಲ.