ಪರದೆಯಲ್ಲಿ ಕಾಣದ ದೋಣಿ

ಉತ್ತರ ಕಡಲಿನ ನಮ್ಮ ಫರೋ ದ್ವೀಪದ ಬಂದರಿನಲ್ಲಿ ಬೋಗಿಯಷ್ಟು ಪುಕ್ಕಲ ಇನ್ನೊಬ್ಬನಿರಲಿಲ್ಲ. ದೋಣಿ ಹತ್ತಿದರೆ ವಾಂತಿ. ಹಾಗಾಗಿ ಮೀನು ಹರಾಜಿನ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತ. ಅಲ್ಲೂ ಕುರ್ಚಿಯ ಕೈ ಹಿಡಿದೇ ಕೂರುತ್ತಾನೆಂದು ಮೀನು ಕೊಳ್ಳುವ ನಾವು ಆಡಿಕೊಳ್ಳುತ್ತಿದ್ದೆವು.

ಹರಾಜು ಕಟ್ಟೆಯ ಕರಿಹಲಗೆಯ ಮೇಲೆ ಊರಿನ ಎಲ್ಲ ದೋಣಿಗಳ ಹೆಸರಿತ್ತು. ಮೀನು ಬಂದಾಗ ಪಕ್ಕದಲ್ಲಿ ತೂಕ ಬರೆಯುತ್ತಾರೆ. ಹೆಸರನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಕಡಲು ದೋಣಿಯನ್ನು ನುಂಗಿದಾಗಷ್ಟೇ ಒರೆಸುವುದು. ಬೋಗಿಯ ಅಪ್ಪನ ದೋಣಿಯ ಹೆಸರನ್ನು ಒರೆಸಿದಾಗ ಅವನು ಅಮ್ಮನ ಕೈ ಹಿಡಿದು ಅಲ್ಲೇ ನಿಂತಿದ್ದ.

ಅಂಥವನೇ ಹಲಗೆಯ ಬದಲು ಪರದೆ ತಂದ. ಕಚೇರಿಯ ಡೇಟಾಬೇಸಿಗೆ ಜೋಡಿಸಿದ ಪ್ರೋಗ್ರಾಮು. ದೋಣಿ, ತೂಕ ಎಲ್ಲ ತಾನಾಗಿ ಮೂಡಬೇಕು. ಹಲಗೆಯನ್ನು ಬಿಚ್ಚಿ ಪಕ್ಕದ ಓಣಿಯ ಗೋಡೆಗೆ ಒರಗಿಸಿದರು. ಮಂಜು ಕವಿದಿದ್ದ ಬೆಳಿಗ್ಗೆ ಪರದೆ ಬೆಳಗಿತು.

ಮೀನು ಸೀಳುತ್ತಿದ್ದ ಸುನ್ವಾ ತಲೆಯೆತ್ತಿ ನೋಡಿದಳು. ಚಾಕು ಕೆಳಗೆ ಬಿತ್ತು.

"ಬೋಗೀ, ನನ್ನ ಗಂಡನ ದೋಣಿಯ ಹೆಸರೆಲ್ಲೋ? ಸೂಲನ್ ಎಲ್ಲಿ?"

ಯಾರೋ ರೇಡಿಯೋದಲ್ಲಿ ಕರೆದರು. ಸೂಲನ್‌ನಿಂದ ಉತ್ತರವಿಲ್ಲ.

"ಇರು ತಾಯಿ, ನಾನೇನೂ ಅಳಿಸಿಲ್ಲ..." ಬೋಗಿ ಕೀಲಿಮಣೆಯತ್ತ ಬಾಗಿದ.

"ಮತ್ತೆ ಯಾರು ಅಳಿಸಿದ್ರು? ಸುದ್ದಿ ಬಂತಾ? ನನ್ಹತ್ರ ಮುಚ್ಚಿಡ್ತಿದ್ದೀಯಾ?"

ಹುಡುಕಿದ. ತಪ್ಪು ಸಿಕ್ಕಿತು. ಡೇಟಾಬೇಸಿನಲ್ಲಿ ದೋಣಿಗಳದು ಒಂದು ಪಟ್ಟಿ, ಈ ವಾರದ ಮೀನಿನದು ಇನ್ನೊಂದು. ಎರಡರಲ್ಲೂ ಇರುವ ಹೆಸರನ್ನಷ್ಟೇ ತೋರಿಸು ಎಂದು ಬರೆದಿದ್ದ. ಸೂಲನ್ ಈ ವಾರ ಇನ್ನೂ ಮೀನು ತಂದಿರಲಿಲ್ಲ, ಅಷ್ಟೇ. ಮೀನಿರಲಿ ಬಿಡಲಿ, ದೋಣಿಗಳನ್ನೆಲ್ಲ ತೋರಿಸು ಎಂದು ತಿದ್ದಿದ. ಹೆಸರು ಮೂಡಿತು. ತೂಕದ ಜಾಗ ಖಾಲಿ.

"ನೋಡು, ಬಂತು!"

"ಗಾಜಿನ ಮೇಲೆ ಬಂತು. ದಡಕ್ಕೆ ಬಂತೇನೋ?"

ರೇಡಿಯೋ ಇನ್ನೂ ಬರೀ ಗೊರಗುಟ್ಟುತ್ತಿತ್ತು. ಬೋಗಿ ಎದ್ದು ಓಣಿಗೆ ಓಡಿದ. ಹಲಗೆಯ ಮೇಲೆ ಸೀಮೆಸುಣ್ಣದ ಸೂಲನ್ ಹಾಗೇ ಇತ್ತು. ಓಡಾಡುವವರ ಒದ್ದೆ ತೋಳು ತಾಗದಂತೆ ಎರಡೂ ಕೈ ಚಾಚಿ ಅದರ ಮುಂದೆ ನಿಂತ.

"ದೂರ ಹೋಗ್ರೋ! ಯಾರೂ ತಾಗ್ಬೇಡಿ!"

ಆ ಪುಕ್ಕಲನ ಕೂಗಿಗೆ ನಾವ್ಯಾರೂ ನಗಲಿಲ್ಲ. ಗೋಡೆಗೆ ಅಂಟಿಕೊಂಡೇ ಹಾದುಹೋದೆವು.

ಮಂಜಿನೊಳಗಿಂದ ಹಾರನ್ ಕೇಳುವವರೆಗೂ ಅವನು ಕೈ ಇಳಿಸಲಿಲ್ಲ. ದಡ ಹತ್ತಿದ ಸುನ್ವಾಳ ಗಂಡ ನಮ್ಮ ಮುಖಗಳನ್ನು ನೋಡಿ ಗಾಬರಿಯಾದ.

"ರೇಡಿಯೋ ಕೆಟ್ಟಿತ್ತು ಮಾರಾಯ್ರೆ. ಯಾರು ಸತ್ರು?"

ಸುನ್ವಾ ಅವನ ಎದೆಗೆ ಗುದ್ದಿದಳು, ಮತ್ತೆ ಅಲ್ಲೇ ಮುಖವಿಟ್ಟಳು.

ಬೋಗಿ ಹಲಗೆಯನ್ನು ಹೊತ್ತು ತಂದು ಪರದೆಯ ಪಕ್ಕದಲ್ಲೇ ಮೊಳೆ ಹೊಡೆದ. ಒರೆಸುವ ಬಟ್ಟೆಯನ್ನು ಎಲ್ಲಿ ಬಚ್ಚಿಟ್ಟನೋ, ಇವತ್ತಿಗೂ ಸಿಕ್ಕಿಲ್ಲ. ತೂಕವನ್ನು ಬೆರಳಲ್ಲೇ ಒರೆಸುತ್ತೇವೆ, ಹೆಸರಿಗೆ ತಾಗದ ಹಾಗೆ.